ಟೋಪಿಯ ಸೂಜಿ

ಮೋಟಾರು ಹೊರಟು, ನಾಲ್ಕು ಮಾರು ಹೋಗಿ, ಕೆಮ್ಮಿ ನಿಂತರೆ ಬಲ್ಲವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಎಣ್ಣೆ ಬರುತ್ತಿದೆಯೆ? ಕಿಡಿ ಹಾರುತ್ತಿದೆಯೆ? 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬಾಕೆ ಈ ಎರಡನ್ನೂ ನಡುದಾರಿಯಲ್ಲೇ ಕೇಳಿಕೊಳ್ಳಬೇಕಾಯಿತು. ಗಂಡ ಕಾರ್ಲನಿಗೆ ತಿಳಿಸದೆ, ಇಬ್ಬರು ಹುಡುಗರೊಡನೆ, ಅವನ ಮೂರು ಗಾಲಿಯ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಿದ್ದಳು. ನೂರು ಕಿಲೋಮೀಟರಿನಷ್ಟು ದಾರಿ. ಪೆಟ್ರೋಲ್ ಬಂಕು ಆಗೆಲ್ಲಿಯದು? ವೀಸ್‌ಲೋಖಿನ ಔಷಧದಂಗಡಿಯಲ್ಲಿ ಕಲೆ ತೆಗೆಯುವ ಲಿಗ್ರೋಯಿನ್ ಕೊಂಡು ತುಂಬಿಸಿದಳು.

ಇಂಧನದ ನಳಿಗೆಗೆ ಕಸ ಕಟ್ಟಿತು. ಒಳಗೆ ಉಳಿದ ತೊಟ್ಟಿನಿಂದ ಎಂಜಿನು ಹೊತ್ತಿಕೊಂಡೀತು. ಮುಂದಿನ ತೊಟ್ಟು ಬಾರದಿದ್ದರೆ ನಿಲ್ಲಲೇಬೇಕು. ಬೆರ್ತಾ ಟೋಪಿಯ ಸೂಜಿ ಕಿತ್ತು ಚುಚ್ಚಿ ಬಿಡಿಸಿದಳಂತೆ. ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದಳಂತೆ.

ಇದನ್ನು ಸಾಹಸಯಾತ್ರೆಯೆಂದಷ್ಟೇ ಬರೆದು ಮುಗಿಸುವವರು ಹೆಚ್ಚು. ನನಗೆ ಆಕೆ ರಿಪೇರಿಯ ಚರಿತ್ರೆಗೆ ಸೇರಿದವಳು. 1886ರ ಪೇಟೆಂಟಿನಲ್ಲಿ ಕಾರ್ಲನ ಹೆಸರೊಂದೇ ಇದೆ; ಮದುವೆಗೆ ಮುಂಚೆಯೇ ಅವನ ಕಾರ್ಖಾನೆಯನ್ನು ಉಳಿಸಿದ್ದು ಬೆರ್ತಾಳ ವರದಕ್ಷಿಣೆಯ ಹಣ. ಏರು ಹತ್ತಲು ಹುಡುಗರು ಇಳಿದು ಗಾಡಿಯನ್ನು ತಳ್ಳಬೇಕಾಗಿತ್ತು. ಊರಿಗೆ ಮರಳಿ ಇನ್ನೊಂದು ಗೇರು ಬೇಕೆಂದಳು, ಕಾರ್ಲ್ ಸೇರಿಸಿದ.