ಬಂಡ್ ದಂಡೆಯ ಹೋಟೆಲುಗಳು

ಶಾಂಘೈಗೆ ಹೋದವರು ಮೊದಲು ನೋಡುವುದು ಹುವಾಂಗ್‌ಪು ನದಿಯ ದಂಡೆಯನ್ನು. ವಿದೇಶೀಯರು ಅದನ್ನು ‘ಬಂಡ್’ ಎಂದು ಕರೆಯುತ್ತಾರೆ. ಈ ಹೆಸರು ಚೀನೀ ಭಾಷೆಯದಲ್ಲ, ಮೂಲತಃ ಇಂಗ್ಲಿಷಿನದೂ ಅಲ್ಲ. ನಮ್ಮ ಊರುಗಳಲ್ಲಿ ಕೆರೆಯ ಏರಿ ಮೇಲಿನ ದಾರಿಗೆ ‘ಟ್ಯಾಂಕ್ ಬಂಡ್ ರಸ್ತೆ’ ಎನ್ನುತ್ತೇವಲ್ಲ, ಅದೇ ಮಾತು. ಫಾರಸಿಯಿಂದ ಹಿಂದೂಸ್ತಾನಿಗೆ ಬಂದ ‘ಬಂದ್’ ಎಂಬ ಪದವನ್ನು ಬ್ರಿಟಿಷರು ಭಾರತದಲ್ಲಿ ಕಲಿತು ಚೀನಾಕ್ಕೆ ಒಯ್ದರು. ಅವರು ಇಲ್ಲಿಂದ ಒಯ್ದ ಸರಕು ಇನ್ನೂ ಬಹಳ ಇತ್ತು.

ದಂಡೆಯ ನಡುಭಾಗದಲ್ಲಿ, ನಾನ್‌ಜಿಂಗ್ ರಸ್ತೆ ಬಂದು ಸೇರುವ ಮೂಲೆಯಲ್ಲಿ, ಹಸಿರು ತಾಮ್ರದ ಪಿರಮಿಡ್ಡನ್ನು ತಲೆಯ ಮೇಲೆ ಹೊತ್ತ 77 ಮೀಟರ್ ಎತ್ತರದ ಕಟ್ಟಡವೊಂದಿದೆ. ಇಂದು ಅದರ ಹೆಸರು ಪೀಸ್ ಹೋಟೆಲ್, ಎಂದರೆ ಶಾಂತಿ ಹೋಟೆಲು. 1929ರಲ್ಲಿ ಬಾಗಿಲು ತೆರೆದಾಗ ಅದು ಕ್ಯಾಥೆ ಹೋಟೆಲ್ ಆಗಿತ್ತು. ಕಟ್ಟಿಸಿದವನು ಸರ್ ವಿಕ್ಟರ್ ಸಸೂನ್. ಈ ಮನೆತನದ ಹೆಸರು ನಮಗೆ ಹೊಸದಲ್ಲ. ಮುಂಬಯಿಯ ಸಸೂನ್ ಡಾಕ್, ಅಲ್ಲಿನ ಡೇವಿಡ್ ಸಸೂನ್ ಗ್ರಂಥಾಲಯ, ಪುಣೆಯ ಸಸೂನ್ ಆಸ್ಪತ್ರೆ ಎಲ್ಲವೂ ಇವರವೇ.

ಮನೆತನದ ಹಿರಿಯ ಡೇವಿಡ್ ಸಸೂನ್ ಬಾಗ್ದಾದಿನ ಯಹೂದಿ ವ್ಯಾಪಾರಿ. ಅಲ್ಲಿನ ಆಳರಸರ ಕಿರುಕುಳ ತಾಳಲಾರದೆ ಊರು ಬಿಟ್ಟು, 1830ರ ದಶಕದಲ್ಲಿ ಮುಂಬಯಿಗೆ ಬಂದು ನೆಲೆ ನಿಂತ. ಅರಳೆ, ಬಟ್ಟೆಗಳ ಜೊತೆಗೆ ಆತನ ಕೈಗೆ ಸಿಕ್ಕ ದೊಡ್ಡ ವ್ಯಾಪಾರವೆಂದರೆ ಅಫೀಮು. ಬ್ರಿಟನ್ನಿಗೆ ಚೀನಾದ ಚಹಾ ಬೇಕಿತ್ತು. ಚೀನಾಕ್ಕೆ ಬ್ರಿಟನ್ನಿನ ಸರಕು ಅಷ್ಟಾಗಿ ಬೇಕಿರಲಿಲ್ಲ. ಚಹಾಕ್ಕೆ ಬೆಳ್ಳಿ ತೆತ್ತು ಸಾಕಾದವರು ಭಾರತದ ಅಫೀಮಿನ ಮೊರೆಹೊಕ್ಕರು. ಬಿಹಾರ, ಬನಾರಸ್ ಸೀಮೆಗಳಲ್ಲಿ ಕಂಪನಿಯೇ ರೈತರಿಗೆ ಮುಂಗಡ ಕೊಟ್ಟು ಗಸಗಸೆ ಬೆಳೆಸಿತು. ದೇಶೀ ಸಂಸ್ಥಾನಗಳಲ್ಲಿ ಬೆಳೆದ ಮಾಳವದ ಅಫೀಮು ಮುಂಬಯಿ ಬಂದರಿನಿಂದ ಹಡಗು ಹತ್ತುತ್ತಿತ್ತು. ಅದನ್ನು ತಡೆಯಹೊರಟ ಚೀನಾ 1839ರಿಂದ 1842ರವರೆಗಿನ ಯುದ್ಧದಲ್ಲಿ ಸೋತು, ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಹಾಕಿ, ಐದು ಬಂದರುಗಳನ್ನು ತೆರೆದುಕೊಟ್ಟಿತು. ಅವುಗಳಲ್ಲಿ ಶಾಂಘೈ ಒಂದು. ಡೇವಿಡ್ಡನ ಮಗ ಎಲಿಯಾಸ್ 1844ರಲ್ಲೇ ಚೀನಾ ಸೇರಿದ. ಮುಂದಿನ ಮೂರು ದಶಕಗಳಲ್ಲಿ ಅಫೀಮು ವ್ಯಾಪಾರದಲ್ಲಿ ಸಸೂನರು ಜಾರ್ಡಿನ್ ಮ್ಯಾಥಿಸನ್‌ರಂಥ ಹಳೆಯ ಕುಳಗಳನ್ನೂ ಹಿಂದೆ ಹಾಕಿದರು.

ಹಾಗಾದರೆ ಕ್ಯಾಥೆ ಹೋಟೆಲು ಅಫೀಮಿನ ಹಣದಿಂದ ಎದ್ದದ್ದೇ? ನೇರವಾಗಿ ಹಾಗೆನ್ನುವುದು ಅವಸರದ ಮಾತಾದೀತು. ಭಾರತದ ಅಫೀಮಿನ ಕಾನೂನುಬದ್ಧ ಆಮದು 1917ರಲ್ಲೇ ನಿಂತಿತ್ತು. ವಿಕ್ಟರನ ಕಾಲಕ್ಕೆ ಮನೆತನದ ಆದಾಯ ಮುಂಬಯಿಯ ಬಟ್ಟೆ ಗಿರಣಿಗಳಿಂದಲೂ ಶಾಂಘೈಯ ನಿವೇಶನಗಳಿಂದಲೂ ಬರುತ್ತಿತ್ತು. 1920ರ ದಶಕದ ಕೊನೆಯಲ್ಲಿ ಗಿರಣಿಗಳಿಗೆ ಮುಷ್ಕರ, ತೆರಿಗೆಗಳ ಕಾಟ ಹೆಚ್ಚಿದಂತೆ ಆತ ಬಂಡವಾಳವನ್ನು ಮುಂಬಯಿಯಿಂದ ಕಿತ್ತು ಶಾಂಘೈಯಲ್ಲಿ ನೆಟ್ಟ. ಆದರೆ ಗಿರಣಿಗಳಿಗೂ ನಿವೇಶನಗಳಿಗೂ ಮೊದಲ ಬಂಡವಾಳ ಎಲ್ಲಿಯದೆಂದು ಕೇಳುತ್ತ ಹೋದರೆ, ಮಾಳವದ ಗಸಗಸೆ ಹೊಲಗಳ ದಾರಿ ತಪ್ಪಿಸಿಕೊಳ್ಳುವಂತಿಲ್ಲ.

ಇದಕ್ಕೆ ಸಾಕ್ಷಿ ಹೇಳಲೆಂಬಂತೆ ರಸ್ತೆಯ ಆಚೆ ಮಗ್ಗುಲಲ್ಲೇ ಇನ್ನೊಂದು ಹೋಟೆಲಿತ್ತು. ಕೆಂಪು ಮತ್ತು ಬಿಳಿ ಇಟ್ಟಿಗೆಯ ಪ್ಯಾಲೇಸ್ ಹೋಟೆಲ್. 1909ರ ಫೆಬ್ರುವರಿಯಲ್ಲಿ 13 ದೇಶಗಳ ಪ್ರತಿನಿಧಿಗಳು ಇಲ್ಲಿ ಕುಳಿತು ಅಫೀಮನ್ನು ಹೇಗೆ ಹತ್ತಿಕ್ಕಬೇಕೆಂದು ಚರ್ಚಿಸಿದರು. ಮಾದಕವಸ್ತುಗಳ ಬಗ್ಗೆ ನಡೆದ ಮೊದಲ ಅಂತರರಾಷ್ಟ್ರೀಯ ಸಭೆ ಅದು. 1912ರ ಹೇಗ್ ಒಡಂಬಡಿಕೆಗೆ ದಾರಿಯಾದದ್ದೂ ಅದೇ.

ಕ್ಯಾಥೆಯ ವೈಭವ ಕೇವಲ ಎಂಟು ವರ್ಷದ್ದು. ಮೊದಲ ಮಹಾಯುದ್ಧದಲ್ಲಿ ವಿಮಾನ ಅಪಘಾತದಿಂದ ಕಾಲು ಊನವಾಗಿದ್ದ ವಿಕ್ಟರ್, ಊರುಗೋಲು ಹಿಡಿದು ಹಸಿರು ಪಿರಮಿಡ್ಡಿನ ಕೆಳಗಿನ ಮಹಡಿಯಲ್ಲೇ ವಾಸವಾಗಿದ್ದ. ಕುಣಿತ, ಔತಣಗಳಿಗೆ ಕೊನೆಯಿರಲಿಲ್ಲ. ಇಂಗ್ಲಿಷ್ ನಾಟಕಕಾರ ನೋಯೆಲ್ ಕವರ್ಡ್ ಫ್ಲೂ ಜ್ವರ ಹಿಡಿದು ಇಲ್ಲಿ ಮಲಗಿದ್ದಾಗಲೇ ‘ಪ್ರೈವೇಟ್ ಲೈವ್ಸ್’ ನಾಟಕವನ್ನು ಬರೆದ. ಚಾರ್ಲಿ ಚಾಪ್ಲಿನ್ ಬಂದುಹೋದ. ಕೆಳಗೆ ನಾನ್‌ಜಿಂಗ್ ರಸ್ತೆಯಲ್ಲಿ ಗಾಡಿಗಳಿಗೆ ಕೈ ತೋರಿಸುತ್ತ ನಿಂತವರು ಪಂಜಾಬಿನಿಂದ ಬಂದ ಸಿಖ್ ಪೊಲೀಸರು. ರಿಕ್ಷಾ ಎಳೆಯುತ್ತಿದ್ದವರು ಹಳ್ಳಿಗಳಿಂದ ಬಂದ ಚೀನೀ ಬಡವರು.

1937ರ ಆಗಸ್ಟ್ 14ರ ಶನಿವಾರ ಎಲ್ಲಕ್ಕೂ ತೆರೆ ಬಿತ್ತು. ಶಾಂಘೈಯಲ್ಲಿ ಚೀನೀ ಮತ್ತು ಜಪಾನೀ ಸೇನೆಗಳ ನಡುವೆ ಕಾಳಗ ಶುರುವಾಗಿತ್ತು. ನಿರಾಶ್ರಿತರು ವಿದೇಶೀಯರ ವಸತಿಯೇ ಸುರಕ್ಷಿತವೆಂದು ಬಂಡ್‌ನತ್ತ ಓಡಿಬಂದಿದ್ದರು. ನದಿಯಲ್ಲಿದ್ದ ಜಪಾನೀ ಯುದ್ಧನೌಕೆ ‘ಇಝುಮೊ’ವನ್ನು ಹೊಡೆಯಲು ಹಾರಿಬಂದ ಚೀನೀ ವಿಮಾನಗಳ ಬಾಂಬುಗಳು ಗುರಿ ತಪ್ಪಿ ಕ್ಯಾಥೆ ಮತ್ತು ಪ್ಯಾಲೇಸ್ ಹೋಟೆಲುಗಳ ಮಧ್ಯೆ ಬಿದ್ದವು. ನೂರಾರು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಆ ಹೋಟೆಲುಗಳ ಒಳಗೆ ಎಂದೂ ಕಾಲಿಟ್ಟವರಲ್ಲ.

1949ರಲ್ಲಿ ಕಮ್ಯುನಿಸ್ಟರು ಶಾಂಘೈಯನ್ನು ವಶಪಡಿಸಿಕೊಂಡರು. ಭಾರತವನ್ನು ತಾನು ಬಿಟ್ಟೆ, ಚೀನಾ ತನ್ನನ್ನು ಬಿಟ್ಟಿತು ಎಂದು ವಿಕ್ಟರ್ ಹೇಳಿದನೆಂದು ಪ್ರತೀತಿ. ಆತ ಬಹಾಮಾ ದ್ವೀಪಗಳಿಗೆ ಹೋಗಿ ಅಲ್ಲೇ 1961ರಲ್ಲಿ ತೀರಿಕೊಂಡ. ಸರಕಾರದ ಕೈಸೇರಿದ ಕ್ಯಾಥೆ 1956ರಲ್ಲಿ ಪೀಸ್ ಹೋಟೆಲ್ ಆಗಿ ಮತ್ತೆ ತೆರೆಯಿತು. ಮುಂದೆ ಪ್ಯಾಲೇಸ್ ಹೋಟೆಲೂ ಅದರ ದಕ್ಷಿಣ ಭಾಗವಾಯಿತು. ಆದರೆ ಹಳೆಯ ಬೇಲಿ ಪೂರ್ತಿ ಹೋಗಲಿಲ್ಲ. ಅದು ವಿದೇಶೀ ಅತಿಥಿಗಳಿಗೆ ಮೀಸಲಾದ ಹೋಟೆಲಾಗಿ, ಸಾಮಾನ್ಯ ಶಾಂಘೈವಾಸಿಗೆ ಬಹುಕಾಲ ಹೊರಗಿನಿಂದ ನೋಡುವ ವಸ್ತುವಾಗಿಯೇ ಉಳಿಯಿತು. ಊರವರಿಗೆ ತಮ್ಮದೆನ್ನಿಸುವ ಹೋಟೆಲು ಬೇರೆ ಇದೆ. ಚೀನೀ ಬ್ಯಾಂಕುಗಳ ಹಣದಿಂದ 1934ರಲ್ಲಿ ಎದ್ದ 22 ಮಹಡಿಗಳ ಪಾರ್ಕ್ ಹೋಟೆಲ್. ಸುಮಾರು ಅರ್ಧ ಶತಮಾನ ಶಾಂಘೈಯಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. ಅದರ ಪಕ್ಕದ ಅಂಗಡಿಯಲ್ಲಿ ಮಾರುವ ಚಿಟ್ಟೆಯಾಕಾರದ ಬಿಸ್ಕತ್ತಿಗೆ ಜನ ಸರದಿಯಲ್ಲಿ ನಿಲ್ಲುತ್ತಾರೆ.

ಬಂಡ್‌ನ ಎದುರು ದಡ ಪುಡೊಂಗ್. ಕಾನೂನುಬದ್ಧ ವ್ಯಾಪಾರ ನಿಂತ ಮೇಲೆ ಶಾಂಘೈಯ ಗೋದಾಮುಗಳಲ್ಲಿ ಉಳಿದಿದ್ದ ಭಾರತದ ಅಫೀಮಿನ ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಚೀನೀ ಸರಕಾರ ಕೊಂಡು, 1919ರ ಜನವರಿಯಲ್ಲಿ ಸುಟ್ಟದ್ದು ಆ ದಡದಲ್ಲೇ. ಎಂಬತ್ತು ವರ್ಷಗಳ ಮೇಲೆ, 1999ರಲ್ಲಿ, ಪುಡೊಂಗ್‌ನ ಜಿನ್ ಮಾವೊ ಗೋಪುರದ 53ನೇ ಮಹಡಿಯಿಂದ ಮೇಲಕ್ಕೆ ಗ್ರ್ಯಾಂಡ್ ಹಯಾತ್ ತೆರೆಯಿತು. 2021ರಲ್ಲಿ ಅದಕ್ಕಿಂತಲೂ ಮೇಲೆ, ಶಾಂಘೈ ಟವರಿನ ತುದಿಯ ಮಹಡಿಗಳಲ್ಲಿ, ಚೀನೀ ಕಂಪನಿಯೇ ನಡೆಸುವ ಜೆ ಹೋಟೆಲ್ ಬಂತು. ಅಲ್ಲಿಂದ ನೋಡಿದರೆ ಸಸೂನನ ಹಸಿರು ಪಿರಮಿಡ್ಡು ಎಲ್ಲೋ ಕೆಳಗೆ ಆಟಿಕೆಯಂತೆ ಕಾಣುತ್ತದೆ.

ಪೀಸ್ ಹೋಟೆಲು 2010ರಲ್ಲಿ ದುರಸ್ತಿ ಮುಗಿಸಿ ಪುನಃ ತೆರೆದಿದೆ. ಹಳೆಯ ತಟ್ಟೆ, ಬಟ್ಟಲು, ಭಾವಚಿತ್ರಗಳನ್ನಿಟ್ಟ ಸಣ್ಣ ಸಂಗ್ರಹಾಲಯವೂ ಒಳಗಿದೆ. ಒಂಬತ್ತು ದೇಶಗಳ ಶೈಲಿಯಲ್ಲಿ ಅಲಂಕರಿಸಿದ ಒಂಬತ್ತು ಐಷಾರಾಮಿ ವಸತಿಗಳು ಈಗಲೂ ಇವೆ: ಚೀನಾ, ಇಂಗ್ಲೆಂಡ್, ಫ್ರಾನ್ಸ್, ಅಮೆರಿಕ ಎನ್ನುವ ಆ ಸಾಲಿನಲ್ಲಿ ಭಾರತದ್ದೂ ಒಂದು.