ಕ್ಶೆಂಜಿ ಮ್ವಿನ್ : ಒಂದು ಗಿರಣಿಕೇರಿಯ ಚರಿತ್ರೆ

ಪೋಲೆಂಡಿನ ವುಚ್ ನಗರದಲ್ಲಿ, ಯಾಶೆನ್ ಹೊಳೆಯ ಬದಿಯಲ್ಲಿ ಬೆಳೆದ ಕೇರಿಯೊಂದಕ್ಕೆ ಕ್ಶೆಂಜಿ ಮ್ವಿನ್ ಎಂದು ಹೆಸರು. 'ಪಾದ್ರಿಯ ಗಿರಣಿ' ಎಂದು ಅದರ ಅರ್ಥ; ಊರ ಪಾದ್ರಿಗೆ ಸೇರಿದ ಹಿಟ್ಟಿನ ಗಿರಣಿ ಹಿಂದೆ ಅಲ್ಲಿ ಹೊಳೆಯ ನೀರಿನಿಂದ ತಿರುಗುತ್ತಿದ್ದಿತು. ಮಾಲೀಕನು ಕೆಲಸಗಾರನಿಗೆ ಕಟ್ಟಿಕೊಟ್ಟ ಮನೆ ಉಪಕಾರವೇ, ಹಿಡಿತವೇ ಎಂಬ ಪ್ರಶ್ನೆಯನ್ನು ಈ ಕೇರಿಯ ಚರಿತ್ರೆಯ ಮೂಲಕ ನಾವು ಪರಿಶೀಲಿಸಬಹುದಾಗಿದೆ.

1820ರಲ್ಲಿ ವುಚ್, ಸಾವಿರ ಜನರೂ ಇಲ್ಲದ ಊರಾಗಿದ್ದಾಗಲೇ, ಕೈಗಾರಿಕಾ ಪಟ್ಟಣವೆಂದು ಘೋಷಿತವಾಯಿತು. ಅಂದಿನ ಪೋಲೆಂಡ್ ರಾಜ್ಯವು ರಷ್ಯದ ಚಕ್ರವರ್ತಿಗೆ ಅಧೀನವಾಗಿದ್ದಿತು. ಇವೆರಡರ ನಡುವಣ ಸುಂಕದ ಗಡಿ 1851ರಲ್ಲಿ ರದ್ದಾದೊಡನೆ ವುಚ್‌ನ ಬಟ್ಟೆಗೆ ರಷ್ಯದ ವಿಶಾಲವಾದ ಪೇಟೆ ತೆರೆಯಿತು. ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಜರ್ಮನ್ ಉದ್ಯಮಿ ಕಾರ್ಲ್ ಶೈಬ್ಲರ್ ಪ್ರಮುಖನು. ಅವನು 1870ರಲ್ಲಿ ಈ ನೆಲವನ್ನು ಕೊಂಡು, 200 ಮೀಟರಿಗೂ ಮೀರಿದ ಉದ್ದದ, ಕೆಂಪು ಇಟ್ಟಿಗೆಯ ನೂಲುವ ಗಿರಣಿಯನ್ನು ಕಟ್ಟಿಸಿದನು.

ಗಿರಣಿಯ ಎದುರಿಗೆ ಕೆಲಸಗಾರರ ಮನೆಗಳು ಸಾಲಾಗಿ ಎದ್ದವು. ಶಾಲೆ, ಅಂಗಡಿ, ಅಗ್ನಿಶಾಮಕ ದಳ, 1884ರಲ್ಲಿ ಆಸ್ಪತ್ರೆ, ಎಲ್ಲವೂ ಕಂಪನಿಯವೇ. ಅಳಿಯ ಎಡ್ವರ್ಡ್ ಹರ್ಬ್ಸ್ಟ್‌ನ ಬಂಗಲೆಯೂ ಅದೇ ಕೇರಿಯಲ್ಲಿದ್ದಿತು. ನಗರದ ಇತರೆಡೆ ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿದ್ದವರಿಗೆ ಇವು ಸೌಕರ್ಯಗಳೇ ಸರಿ. ಆದರೆ ಮನೆಯು ಕೆಲಸಕ್ಕೆ ಅಂಟಿಕೊಂಡುದಾಗಿದ್ದಿತು. ಕೆಲಸ ಹೋದವನಿಗೆ ಸೂರೂ ಹೋಗುವ ಭಯವಿದ್ದಿತು. ಹಾಗೆಂದು ನಗರವು ಶಾಂತವಾಗಿ ಉಳಿಯಲಿಲ್ಲ. 1892ರ ಮೇ ತಿಂಗಳಲ್ಲಿ ವುಚ್‌ನ ಕಾರ್ಮಿಕರು ಮುಷ್ಕರ ಹೂಡಿದರು, ಸೈನ್ಯ ಅದನ್ನು ದಮನ ಮಾಡಿತು. 1897ರ ಕಾನೂನು ವಯಸ್ಕರ ದುಡಿಮೆಯನ್ನು ದಿನಕ್ಕೆ ಹನ್ನೊಂದೂವರೆ ಗಂಟೆಗೆ ಮಿತಗೊಳಿಸಿತು. ಆದರೂ 1905ರ ಜೂನ್‌ನಲ್ಲಿ ಬೀದಿಗಳಲ್ಲಿ ಅಡ್ಡಗಟ್ಟೆಗಳೆದ್ದವು. ಸೂರಿನಿಂದ ಕೃತಜ್ಞತೆ ಹುಟ್ಟಬಹುದು. ಕೂಲಿ ಮತ್ತು ಹಕ್ಕಿನ ಬೇಡಿಕೆ ಅದರಿಂದ ಅಡಗದೆಂಬುದು ಇಲ್ಲಿ ವ್ಯಕ್ತವಾಗುತ್ತದೆ.

1921ರಲ್ಲಿ ಶೈಬ್ಲರ್ ಸಂಸ್ಥೆ ನೆರೆಯ ಗ್ರೋಮಾನ್ ಸಂಸ್ಥೆಯೊಡನೆ ಸೇರಿತು. ಎರಡನೆಯ ಮಹಾಯುದ್ಧಾನಂತರ ರಾಷ್ಟ್ರೀಕೃತವಾದ ಜವಳಿ ಉದ್ಯಮ 1990ರ ದಶಕದಲ್ಲಿ ಕುಸಿಯಿತು. ಶೈಬ್ಲರನ ನೂಲುಗಿರಣಿ ಈಗ ವಾಸದ ಮನೆಗಳಾಗಿದೆ. ಹರ್ಬ್ಸ್ಟ್‌ನ ಬಂಗಲೆ ವಸ್ತುಸಂಗ್ರಹಾಲಯವಾಗಿದೆ. 2015ರಲ್ಲಿ ಪೋಲೆಂಡ್ ಸರ್ಕಾರವು ವುಚ್‌ನ ಕೈಗಾರಿಕಾ ಪರಂಪರೆಯನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿತು.

ಇಟ್ಟಿಗೆಗಳನ್ನು ರಕ್ಷಿಸುವುದು ಉಚಿತವೇ. ಆದರೆ ಕಟ್ಟಿಸಿದವನ ಹೆಸರನ್ನಷ್ಟೇ ನೆನೆದು, ಕೆಲಸವನ್ನೂ ಮನೆಯನ್ನೂ ಒಂದೇ ಕೈಯಿಂದ ಪಡೆದು ಅದಕ್ಕಾಗಿ ಬಾಳಿನ ಸ್ವಾತಂತ್ರ್ಯವನ್ನು ತೆತ್ತವರನ್ನು ಮರೆತರೆ, ನಾವು ಬರೆಯುವ ಚರಿತ್ರೆ ಅಪೂರ್ಣವಾಗುವುದು.