ಗಡ್ಡೆಯ ಹಸಿವು, ರೋಗಿಯ ತಟ್ಟೆ

ಘಟಪ್ರಭೆಯ ಆಸುಪಾಸಿನ ಗೋಕಾಕ, ಮೂಡಲಗಿ, ಹುಕ್ಕೇರಿ ಕಬ್ಬಿನ ಸೀಮೆ. ಗೋಕಾಕದ ಕರದಂಟಿಗೆ ಬೆಲ್ಲವೇ ಜೀವಾಳ. ಇಂಥ ಕಡೆಯೂ ಕ್ಯಾನ್ಸರ್ ಬಂದವರ ತಟ್ಟೆಯಿಂದ ಸಿಹಿ ಮಾಯವಾಗುವುದುಂಟು. ‘ಸಕ್ಕರೆ ಗಡ್ಡೆಯನ್ನು ಬೆಳೆಸುತ್ತದೆ’ ಎಂಬ ಭಯ. ಈ ಮಾತಿನ ಬೇರು 1920ರ ದಶಕದ ಬರ್ಲಿನ್‌ನಲ್ಲಿದೆ.

ಸಾಮಾನ್ಯ ಜೀವಕೋಶ ಆಮ್ಲಜನಕದ ನೆರವಿನಿಂದ ಗ್ಲೂಕೋಸನ್ನು ಪೂರ್ತಿ ಉರಿಸಿ ಶಕ್ತಿ ಪಡೆಯುತ್ತದೆ. ಕ್ಯಾನ್ಸರ್ ಕೋಶಗಳು ಆಮ್ಲಜನಕವಿದ್ದಾಗಲೂ ಅದನ್ನು ಹೆಚ್ಚಾಗಿ ಅರೆಬರೆ ಒಡೆದು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ ಎಂಬುದನ್ನು ಅಲ್ಲಿ ಒಟ್ಟೊ ವಾರ್‌ಬರ್ಗ್ ಕಂಡುಕೊಂಡರು. ಉಸಿರಾಟದ ಕಿಣ್ವದ ಸಂಶೋಧನೆಗಾಗಿ 1931ರಲ್ಲಿ ನೊಬೆಲ್ ಪಡೆದ ಅವರು, ಕೋಶದ ಉಸಿರಾಟ ಕೆಡುವುದೇ ಕ್ಯಾನ್ಸರಿನ ಮೂಲವೆಂದರು. ಅದು ಪೂರ್ಣ ಸತ್ಯವಲ್ಲ. ವಂಶವಾಹಿಗಳ ದೋಷವೂ ಕೋಶದ ಹಸಿವನ್ನು ಬದಲಿಸುತ್ತದೆಂದು ಮುಂದೆ ತಿಳಿಯಿತು. ಆ ಹಸಿವೇ ಇಂದು ಪೆಟ್ ಸ್ಕ್ಯಾನಿಗೆ ಆಧಾರ: ವಿಕಿರಣ ಸೂಸುವ, ಗ್ಲೂಕೋಸನ್ನು ಹೋಲುವ ವಸ್ತುವನ್ನು ಹೀರಿ ಗಡ್ಡೆ ತನ್ನ ಜಾಗ ತೋರಿಸಿಕೊಡುತ್ತದೆ.

ಹಾಗೆಂದು ಸಿಹಿ ಬಿಟ್ಟರೆ ಗಡ್ಡೆ ಸೊರಗದು. ಜೋಳದ ರೊಟ್ಟಿಯೂ ಗ್ಲೂಕೋಸಾಗುತ್ತದೆ. ಉಪವಾಸವಿದ್ದರೆ ಯಕೃತ್ತೇ ಅದನ್ನು ತಯಾರಿಸುತ್ತದೆ. ಸಿಹಿ ಅತಿಯಾದರೆ ಬೊಜ್ಜು ಬರಬಹುದು. ಬೊಜ್ಜಿನಿಂದ ಮಧುಮೇಹದ, ಕೆಲವು ಕ್ಯಾನ್ಸರುಗಳ ಅಪಾಯ ಹೆಚ್ಚುತ್ತದೆ. ಆದ್ದರಿಂದ ಮಿತಿ ಎಲ್ಲರಿಗೂ ಒಳ್ಳೆಯದು. ಆದರೆ ಚಿಕಿತ್ಸೆಯಲ್ಲಿರುವವರನ್ನು ಹಸಿದಿರಿಸಿದರೆ ಮೊದಲು ಸೊರಗುವವರು ಅವರೇ. ಅವರ ತಟ್ಟೆಯಲ್ಲಿ ಏನಿರಬೇಕೆಂಬುದನ್ನು ವೈದ್ಯರು ಹೇಳಲಿ.